ಹೊಸ ಸ್ವಿಚ್‌ಗೆ ಮೊದಲ ಕಾನ್ಫಿಗರೇಶನ್: ಕನ್ಸೋಲ್ ಕೇಬಲ್‌ನಿಂದ ಸೇವ್ ಮಾಡುವವರೆಗೆ

ಮ್ಯಾನೇಜ್ಡ್ ಸ್ವಿಚ್ (ಹೇಗೆ ನಡೆಯಬೇಕೆಂದು ನಾವೇ ಹೇಳಬಹುದಾದ ನೆಟ್‌ವರ್ಕ್ ಸ್ವಿಚ್) ಒಂದನ್ನು ಬಾಕ್ಸ್‌ನಿಂದ ತೆಗೆದು, ಕರೆಂಟ್ ಕೊಟ್ಟು, ನಾಲ್ಕು ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡಲು ಶುರು ಮಾಡುತ್ತವೆ. ಹಾಗಾಗಿ ಎಷ್ಟೋ ಸಣ್ಣ ಆಫೀಸು, ಶಾಲೆ, ಕಾಲೇಜುಗಳಲ್ಲಿ ದುಬಾರಿ ಸ್ವಿಚ್ ತಂದು ಅದನ್ನು ಹಾಗೇ ರ‍್ಯಾಕ್‌ಗೆ ಏರಿಸಿಬಿಡುತ್ತಾರೆ. ಆಗ ಅದಕ್ಕೆ ಪಾಸ್‌ವರ್ಡ್ ಇರುವುದಿಲ್ಲ. ನಾವು ಕೊಟ್ಟ ಐಪಿ ವಿಳಾಸ ಇರುವುದಿಲ್ಲ. ಎಲ್ಲ ಪೋರ್ಟ್‌ಗಳೂ ಒಂದೇ ವಿ-ಲ್ಯಾನ್‌ನಲ್ಲಿರುತ್ತವೆ (ಒಂದೇ ಸ್ವಿಚ್ಚನ್ನು ಬೇರೆಬೇರೆ ನೆಟ್‌ವರ್ಕ್‌ಗಳಂತೆ ಭಾಗ ಮಾಡುವ ವ್ಯವಸ್ಥೆ ವಿ-ಲ್ಯಾನ್). ಏನಾದರೂ ಕೆಟ್ಟರೆ ದೂರದಿಂದ ಒಳಗೆ ಹೋಗಿ ನೋಡಲು ದಾರಿ ಇರುವುದಿಲ್ಲ.

ಅದಕ್ಕೇ ನನ್ನ ಸಲಹೆ: ಮೊದಲ ಕಾನ್ಫಿಗರೇಶನ್ ಪೂರ್ತಿ ಮೇಜಿನ ಮೇಲೆ ಮುಗಿಯಲಿ, ರ‍್ಯಾಕ್ ಆಮೇಲೆ. ಇನ್ನೊಂದು ಪ್ರಶ್ನೆಯನ್ನು ಪ್ರತಿ ಹಂತದಲ್ಲೂ ಕೇಳಿಕೊಳ್ಳಿ: ಈಗ ಕರೆಂಟ್ ಹೋದರೆ ಇದರಲ್ಲಿ ಸ್ವಿಚ್‌ಗೆ ಏನು ನೆನಪಿರುತ್ತದೆ, ಏನು ಮರೆತುಹೋಗುತ್ತದೆ? ನಮ್ಮಲ್ಲಿ ಕರೆಂಟ್ ಹೋಗುವುದು ಅಪರೂಪದ ಸಂಗತಿ ಏನಲ್ಲ, ಅಲ್ವಾ?

ಇಲ್ಲಿ ಸಿಸ್ಕೊ ಕ್ಯಾಟಲಿಸ್ಟ್ 2960 ಸರಣಿಯನ್ನು ಇಟ್ಟುಕೊಂಡು ಹೇಳುತ್ತೇನೆ. ನೆಟ್‌ವರ್ಕಿಂಗ್ ಕಲಿಯುವವರು ಮೊದಲು ಕೈಹಾಕುವುದು ಹೆಚ್ಚಾಗಿ ಇದಕ್ಕೇ. ಕೈಯಲ್ಲಿ ಸ್ವಿಚ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್‌ನಲ್ಲೂ ಇದೇ 2960 ಇದೆ, ಬಹುಪಾಲು ಹಂತಗಳನ್ನು ಅದರಲ್ಲೇ ಮಾಡಿ ನೋಡಬಹುದು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ಸ್ಪೆಲಿಂಗ್ ಅನುಮಾನ ಬಂದರೆ ಮೊದಲ ಮೂರ್ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಸ್ವಿಚ್ಚೇ ತುಂಬುತ್ತದೆ. ಮುಂದೇನು ಬರಬೇಕು ಅಂತ ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಪಟ್ಟಿ ತೋರಿಸುತ್ತದೆ.

ಕನ್ಸೋಲ್ ಕೇಬಲ್ ಜೋಡಿಸುವುದು

ಹೊಸ ಸ್ವಿಚ್‌ನೊಂದಿಗೆ ಮಾತಾಡಲು ನಂಬಬಹುದಾದ ದಾರಿ ಕನ್ಸೋಲ್ ಪೋರ್ಟ್. ತಿಳಿನೀಲಿ ಬಣ್ಣದ ಚಪ್ಪಟೆ ಕೇಬಲ್ ಇರುತ್ತದಲ್ಲ, ಅದೇ. ಒಂದು ತುದಿಯಲ್ಲಿ ಆರ್‌ಜೆ-45, ಇನ್ನೊಂದು ತುದಿಯಲ್ಲಿ 9 ಪಿನ್‌ನ ಸೀರಿಯಲ್ ಕನೆಕ್ಟರ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಒಂದು ಬೇಕು. 2960-ಎಕ್ಸ್ ತರಹದ ಮಾದರಿಗಳಲ್ಲಿ ಮಿನಿ ಯುಎಸ್‌ಬಿ ಕನ್ಸೋಲ್ ಪೋರ್ಟ್ ಕೂಡ ಇರುತ್ತದೆ. ಆರ್‌ಜೆ-45 ಕನ್ಸೋಲ್ ಪೋರ್ಟ್‌ಗೆ ಮಾಮೂಲಿ ಲ್ಯಾನ್ ಕೇಬಲ್ ಹಾಕಿದರೆ ಏನೂ ಆಗುವುದಿಲ್ಲ. ನೋಡಲು ಒಂದೇ ತರಹ ಇದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆ.

ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್ ತೆರೆದು ಕನ್ವರ್ಟರ್‌ಗೆ ಯಾವ ಕಾಮ್ ಪೋರ್ಟ್ ಸಂಖ್ಯೆ ಬಂದಿದೆ ನೋಡಿ. ಪುಟ್ಟಿ ಅಥವಾ ಟೆರಾ ಟರ್ಮ್ ಎಂಬ ಟರ್ಮಿನಲ್ ಸಾಫ್ಟ್‌ವೇರ್‌ನಲ್ಲಿ ಸೀರಿಯಲ್ ಆಯ್ದು ಆ ಸಂಖ್ಯೆ ಕೊಡಿ. ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಾಗಿದೆ ಎಂದು ತಿಳಿಯಿರಿ. ಏನೂ ಬರದಿದ್ದರೆ ಒಂದೆರಡು ಸಲ ಎಂಟರ್ ಒತ್ತಿ. ಆಗಲೂ ಬರದಿದ್ದರೆ ಡ್ರೈವರ್ ಅಥವಾ ಕಾಮ್ ಪೋರ್ಟ್ ಸಂಖ್ಯೆ ನೋಡಿ.

ಕರೆಂಟ್ ಕೊಟ್ಟ ಮೇಲೆ

ಮೊದಲು ಟರ್ಮಿನಲ್ ತೆರೆದಿಟ್ಟು, ಆಮೇಲೆ ಪವರ್ ಕೊಡಿ. ಆಗ ಬೂಟ್ ಆಗುವ ಸಾಲುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಬೂಟ್ ಲೋಡರ್ ಫ್ಲ್ಯಾಶ್‌ನಲ್ಲಿರುವ ಐಒಎಸ್ (ಸಿಸ್ಕೊದ ಆಪರೇಟಿಂಗ್ ಸಿಸ್ಟಮ್) ಫೈಲನ್ನು ಬಿಚ್ಚಿ ಮೆಮೊರಿಗೆ ಹಾಕಿಕೊಳ್ಳುತ್ತದೆ, ಹಾರ್ಡ್‌ವೇರ್ ಪರೀಕ್ಷೆ ನಡೆಯುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ, ಅವಸರಪಟ್ಟು ವೈರ್ ಕೀಳಬೇಡಿ. ಮುಂಭಾಗದಲ್ಲಿ ಸಿಸ್ಟಮ್ ಎಂದು ಗುರುತು ಮಾಡಿದ ದೀಪ ಮಿನುಗುತ್ತಿದ್ದು, ಪರೀಕ್ಷೆ ಮುಗಿದ ಮೇಲೆ ಹಸಿರಾಗಿ ನಿಲ್ಲಬೇಕು. ಹಳದಿ-ಕಿತ್ತಳೆ ಬಣ್ಣದಲ್ಲೇ ನಿಂತರೆ ಪರೀಕ್ಷೆಯಲ್ಲಿ ಏನೋ ಫೇಲ್ ಆಗಿದೆ. ಅಂಥ ಸ್ವಿಚ್‌ನಲ್ಲಿ ಮುಂದುವರಿಯಬೇಡಿ, ವಾರಂಟಿ ಇರುವಾಗಲೇ ವಾಪಸ್ ಕೊಡಿ.

ಒಳಗೆ ಯಾವ ಕಾನ್ಫಿಗರೇಶನ್ನೂ ಇಲ್ಲದಿದ್ದರೆ, ಇನಿಶಿಯಲ್ ಕಾನ್ಫಿಗರೇಶನ್ ಡೈಲಾಗ್ ಶುರು ಮಾಡಲೇ ಎಂದು ಸ್ವಿಚ್ ಕೇಳುತ್ತದೆ. 'ನೋ' ಅನ್ನಿ. ಆ ಡೈಲಾಗ್ ಒಂದೊಂದೇ ಪ್ರಶ್ನೆ ಕೇಳಿ ಹೆಸರು, ಪಾಸ್‌ವರ್ಡ್, ಐಪಿ ತುಂಬಿಸಿಕೊಳ್ಳುತ್ತದೆ ನಿಜ. ಆದರೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಿದ್ಧ ಮಾಡಿಕೊಡುವುದಿಲ್ಲ, ವಿ-ಲ್ಯಾನ್ ಬಗ್ಗೆ ಕೇಳುವುದೇ ಇಲ್ಲ. ಕೈಯಿಂದಲೇ ಬರೆದರೆ ಯಾವ ಸಾಲು ಯಾಕಿದೆ ಅಂತ ನಿಮಗೆ ಗೊತ್ತಿರುತ್ತದೆ.

ಈಗ 'ಸ್ವಿಚ್>' ಎಂಬ ಪ್ರಾಂಪ್ಟ್ ಬರುತ್ತದೆ. 'ಎನೇಬಲ್' ಹೊಡೆದರೆ ಅದು 'ಸ್ವಿಚ್#' ಆಗುತ್ತದೆ. ಏನನ್ನೂ ಬದಲಿಸುವ ಮುಂಚೆ 'ಶೋ ವರ್ಶನ್' ಹೊಡೆಯಿರಿ. ಮಾದರಿ, ಸೀರಿಯಲ್ ನಂಬರ್, ಐಒಎಸ್ ಆವೃತ್ತಿ ಎಲ್ಲ ಬರುತ್ತದೆ, ಬರೆದಿಟ್ಟುಕೊಳ್ಳಿ. ಐಒಎಸ್ ಫೈಲ್ ಹೆಸರಿನಲ್ಲಿ 'ಕೆ9' ಇದೆಯೇ ನೋಡಿ. ಅದಿಲ್ಲದ ಇಮೇಜ್‌ನಲ್ಲಿ ಎಸ್‌ಎಸ್‌ಎಚ್ ಇರುವುದಿಲ್ಲ.

ಎರಡು ಕಾನ್ಫಿಗ್‌ಗಳು ಮತ್ತು ಒಂದು ಮೂರನೇ ಫೈಲ್

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ.

ಈ ಕ್ಷಣ ಸ್ವಿಚ್ ಯಾವ ನಿಯಮಗಳ ಪ್ರಕಾರ ನಡೆಯುತ್ತಿದೆಯೋ ಅದು ರನ್ನಿಂಗ್-ಕಾನ್ಫಿಗ್. ಅದು ರ‍್ಯಾಮ್‌ನಲ್ಲಿರುತ್ತದೆ. ನೀವು ಹೊಡೆದ ಕಮಾಂಡ್ ಎಂಟರ್ ಒತ್ತಿದ ಕೂಡಲೇ ಜಾರಿಯಾಗುತ್ತದೆ, ಆದರೆ ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಮತ್ತೆ ಬೂಟ್ ಆಗುವಾಗ ಓದಿಕೊಳ್ಳುವುದು ಸ್ಟಾರ್ಟಪ್-ಕಾನ್ಫಿಗ್ ಅನ್ನು. ಅದಿರುವುದು ಎನ್‌ವಿರ‍್ಯಾಮ್‌ನಲ್ಲಿ ಎನ್ನುತ್ತಾರೆ. ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಅದು ನಿಜಕ್ಕೂ ಫ್ಲ್ಯಾಶ್‌ನೊಳಗಿನ 'ಕಾನ್ಫಿಗ್ ಡಾಟ್ ಟೆಕ್ಸ್ಟ್' ಎಂಬ ಫೈಲ್. ಹೊಚ್ಚಹೊಸ ಸ್ವಿಚ್‌ನಲ್ಲಿ 'ಶೋ ಸ್ಟಾರ್ಟಪ್-ಕಾನ್ಫಿಗ್' ಹೊಡೆದರೆ ಅದು ಇಲ್ಲ ಎಂಬ ಉತ್ತರ ಬರುತ್ತದೆ. ಬಾಡಿಗೆ ಕರಾರಿನ ಕರಡಿನಲ್ಲಿ ಎಷ್ಟು ತಿದ್ದಿದರೂ ಸಹಿ ಹಾಕಿದ ಪ್ರತಿ ಬದಲಾಗುವುದಿಲ್ಲವಲ್ಲ, ಇವೆರಡರ ಸಂಬಂಧ ಹಾಗೆ.

ಮೂರನೆಯದು 'ವಿಲ್ಯಾನ್ ಡಾಟ್ ಡ್ಯಾಟ್' ಎಂಬ ಫೈಲ್. ನೀವು ಮಾಡಿದ ವಿ-ಲ್ಯಾನ್‌ಗಳ ಪಟ್ಟಿ ಕಾನ್ಫಿಗ್‌ನಲ್ಲಿ ಅಲ್ಲ, ಸಾಮಾನ್ಯವಾಗಿ ಈ ಬೇರೆ ಫೈಲ್‌ನಲ್ಲಿ ಕೂರುತ್ತದೆ. ಬಳಸಿದ ಸ್ವಿಚ್ ಕೊಂಡವರು ಸ್ಟಾರ್ಟಪ್-ಕಾನ್ಫಿಗ್ ಅಳಿಸಿದ ಮೇಲೂ ಹಳೇ ಆಫೀಸಿನ ವಿ-ಲ್ಯಾನ್‌ಗಳು ಉಳಿದಿರುವುದನ್ನು ನೋಡಿ ಗೊಂದಲಪಡುವುದು ಇದರಿಂದಲೇ. ಸ್ವಿಚ್ ಸೆಕೆಂಡ್‌ಹ್ಯಾಂಡ್ ಆಗಿದ್ದರೆ ಈ ಮೂರನ್ನೂ ಹೊಡೆಯಿರಿ:

ರೈಟ್ ಇರೇಸ್
ಡಿಲೀಟ್ ಫ್ಲ್ಯಾಶ್:ವಿಲ್ಯಾನ್.ಡ್ಯಾಟ್
ರೀಲೋಡ್

ರೀಲೋಡ್ ಮಾಡುವಾಗ ಬದಲಾವಣೆ ಸೇವ್ ಮಾಡಲೇ ಎಂದು ಕೇಳಿದರೆ 'ನೋ' ಅನ್ನಿ. 'ಯೆಸ್' ಅಂದರೆ ಅಳಿಸಿದ ಕಾನ್ಫಿಗ್ ರ‍್ಯಾಮ್‌ನಿಂದ ಮತ್ತೆ ವಾಪಸ್ ಬಂದು ಕೂರುತ್ತದೆ.

ಬಳಸಿದ ಸ್ವಿಚ್‌ನ ನಿಜವಾದ ಅಪಾಯ ಹಳೇ ಹೆಸರುಗಳಲ್ಲ, ವಿಟಿಪಿ. ವಿ-ಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ವ್ಯವಸ್ಥೆ ಅದು. ವಿಟಿಪಿಯ 1 ಮತ್ತು 2ನೇ ಆವೃತ್ತಿಗಳಲ್ಲಿ, ಒಂದೇ ಡೊಮೇನ್ ಹೆಸರು, ಪಾಸ್‌ವರ್ಡ್ ಇರುವ ಸ್ವಿಚ್‌ಗಳ ನಡುವೆ ಯಾರ ರಿವಿಶನ್ ನಂಬರ್ ದೊಡ್ಡದೋ ಅವರ ಪಟ್ಟಿಯೇ ಗೆಲ್ಲುತ್ತದೆ. ಲ್ಯಾಬ್‌ನಲ್ಲಿ ಬಹಳ ಸಲ ತಿದ್ದಿದ ಒಂದು ಹಳೇ ಸ್ವಿಚ್ ಅನ್ನು ಟ್ರಂಕ್‌ಗೆ (ಹಲವು ವಿ-ಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಲಿಂಕ್) ಸಿಕ್ಕಿಸಿದರೆ, ನಡೆಯುತ್ತಿರುವ ನೆಟ್‌ವರ್ಕ್‌ನ ವಿ-ಲ್ಯಾನ್‌ಗಳೆಲ್ಲ ಕ್ಷಣದಲ್ಲಿ ಅಳಿಸಿಹೋಗಬಹುದು. ಆದ್ದರಿಂದ 'ಕಾನ್ಫಿಗರ್ ಟರ್ಮಿನಲ್' ಹೊಡೆದು ಕಾನ್ಫಿಗ್ ಮೋಡ್‌ಗೆ ಹೋದ ಕೂಡಲೇ ಮೊದಲ ಸಾಲು ಇದಾಗಿರಲಿ:

ವಿಟಿಪಿ ಮೋಡ್ ಟ್ರಾನ್ಸ್‌ಪರೆಂಟ್

ಇದರಿಂದ ಇನ್ನೊಂದು ಉಪಕಾರವೂ ಇದೆ. ಟ್ರಾನ್ಸ್‌ಪರೆಂಟ್ ಮೋಡ್‌ನಲ್ಲಿ ವಿ-ಲ್ಯಾನ್ ಸಾಲುಗಳು ರನ್ನಿಂಗ್-ಕಾನ್ಫಿಗ್‌ನಲ್ಲೂ ಕಾಣುತ್ತವೆ. ನಾಳೆ ಕಾನ್ಫಿಗ್ ಬ್ಯಾಕಪ್ ತೆಗೆದರೆ ವಿ-ಲ್ಯಾನ್‌ಗಳೂ ಜೊತೆಗೇ ಬರುತ್ತವೆ. ಕೆಲವೇ ಸ್ವಿಚ್ ಇರುವ ಜಾಗದಲ್ಲಿ ವಿಟಿಪಿ ಬೇಕೇ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಸರು, ಪಾಸ್‌ವರ್ಡ್, ಎಸ್‌ಎಸ್‌ಎಚ್

ಮುಂದಿನ ಸಾಲುಗಳೆಲ್ಲ ಕಾನ್ಫಿಗ್ ಮೋಡ್‌ನಲ್ಲೇ:

ಹೋಸ್ಟ್‌ನೇಮ್ ಲ್ಯಾಬ್-ಎಸ್‌ಡಬ್ಲ್ಯೂ1
ನೋ ಐಪಿ ಡೊಮೇನ್-ಲುಕಪ್
ಎನೇಬಲ್ ಸೀಕ್ರೆಟ್ (ನಿಮ್ಮ ಪಾಸ್‌ವರ್ಡ್)
ಯೂಸರ್‌ನೇಮ್ ನೆಟ್‌ಅಡ್ಮಿನ್ ಪ್ರಿವಿಲೇಜ್ 15 ಸೀಕ್ರೆಟ್ (ಇನ್ನೊಂದು ಪಾಸ್‌ವರ್ಡ್)
ಸರ್ವಿಸ್ ಪಾಸ್‌ವರ್ಡ್-ಎನ್‌ಕ್ರಿಪ್ಶನ್

ಹೆಸರಿನಲ್ಲಿ ಜಾಗದ ಗುರುತು ಇರಲಿ. ಹತ್ತು ಸ್ವಿಚ್‌ಗಳ ಕಿಟಕಿ ತೆರೆದಿರುವಾಗ ಯಾವುದರಲ್ಲಿ ಕಮಾಂಡ್ ಹೊಡೆಯುತ್ತಿದ್ದೀರಿ ಎಂದು ತಿಳಿಸುವುದು ಆ ಪ್ರಾಂಪ್ಟ್ ಒಂದೇ.

ಡೊಮೇನ್-ಲುಕಪ್ ತೆಗೆಯುವುದು ಸಮಾಧಾನಕ್ಕೆ. ಕಮಾಂಡ್ ತಪ್ಪಾಗಿ ಹೊಡೆದರೆ ಸ್ವಿಚ್ ಅದನ್ನು ಯಾವುದೋ ಕಂಪ್ಯೂಟರ್‌ನ ಹೆಸರು ಅಂದುಕೊಂಡು ಹುಡುಕುತ್ತಾ ಕೂತುಬಿಡುತ್ತದೆ. ಆಗ ಬಿಡಿಸಿಕೊಳ್ಳಲು ಕಂಟ್ರೋಲ್, ಶಿಫ್ಟ್ ಮತ್ತು 6 ಒಟ್ಟಿಗೆ ಒತ್ತಬೇಕು.

'ಎನೇಬಲ್ ಪಾಸ್‌ವರ್ಡ್' ಅಂತಲೂ ಒಂದು ಕಮಾಂಡ್ ಇದೆ, ಅದನ್ನು ಬಳಸಲೇಬೇಡಿ. ಅದು ಪಾಸ್‌ವರ್ಡನ್ನು ಓದುವ ಹಾಗೆಯೇ ಇಡುತ್ತದೆ. 'ಸೀಕ್ರೆಟ್' ಎಂದು ಬರುವ ಕಮಾಂಡ್‌ಗಳು ಹ್ಯಾಶ್ ಮಾಡಿ, ಅಂದರೆ ನೇರವಾಗಿ ಬಿಡಿಸಲಾಗದ ರೂಪಕ್ಕೆ ಬದಲಿಸಿ, ಇಡುತ್ತವೆ. ಕೊನೆಯ ಸಾಲಿನ ಎನ್‌ಕ್ರಿಪ್ಶನ್ ಇದೆಯಲ್ಲ, ಅದನ್ನು ಜಾಸ್ತಿ ನಂಬಬೇಡಿ. ಅದು ಟೈಪ್ 7, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಪಕ್ಕದಲ್ಲಿ ನಿಂತು ಇಣುಕುವವರ ಕಣ್ಣಿಗೆ ಬೀಳದಿರಲಿ ಎಂಬಷ್ಟಕ್ಕೇ ಅದು.

ಈಗ ಎಸ್‌ಎಸ್‌ಎಚ್. ದೂರದಿಂದ ಲಾಗಿನ್ ಆಗುವ ಹಳೇ ವಿಧಾನವಾದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಸಹಿತ ಎಲ್ಲವೂ ತೆರೆದೇ ಹೋಗುತ್ತದೆ, ಆದ್ದರಿಂದ ಅದನ್ನು ಮುಚ್ಚಿಬಿಡೋಣ:

ಐಪಿ ಡೊಮೇನ್-ನೇಮ್ ಲ್ಯಾಬ್.ಲೋಕಲ್
ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048
ಐಪಿ ಎಸ್‌ಎಸ್‌ಎಚ್ ವರ್ಶನ್ 2
ಲೈನ್ ವಿಟಿವೈ 0 15
ಲಾಗಿನ್ ಲೋಕಲ್
ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್
ಲೈನ್ ಕನ್ಸೋಲ್ 0
ಲಾಗಿನ್ ಲೋಕಲ್
ಲಾಗಿಂಗ್ ಸಿಂಕ್ರೊನಸ್

ಹೋಸ್ಟ್‌ನೇಮ್ ಮತ್ತು ಡೊಮೇನ್-ನೇಮ್ ಇಲ್ಲದೆ ಕೀ ಹುಟ್ಟುವುದಿಲ್ಲ, ಹಾಗಾಗಿ ಈ ಕ್ರಮ. ವಿಟಿವೈ ಅಂದರೆ ದೂರದಿಂದ ಲಾಗಿನ್ ಆಗುವವರ ಬಾಗಿಲುಗಳು. ಪ್ಯಾಕೆಟ್ ಟ್ರೇಸರ್‌ನಲ್ಲಿ 'ಆರ್‌ಎಸ್‌ಎ' ವರೆಗೆ ಮಾತ್ರ ಹೊಡೆಯಿರಿ, ಎಷ್ಟು ಬಿಟ್ ಅಂತ ಅದೇ ಕೇಳುತ್ತದೆ. ಕೀ ಆದ ಮೇಲೆ ಎಸ್‌ಎಸ್‌ಎಚ್ 1.99 ಶುರುವಾಗಿದೆ ಎಂಬ ಸಾಲು ಬಂದರೆ, ಹಳೇ 1ನೇ ಆವೃತ್ತಿಗೂ ಬಾಗಿಲು ತೆರೆದಿದೆ ಎಂದರ್ಥ. ಮುಂದಿನ ಸಾಲು ಅದನ್ನು ಮುಚ್ಚುತ್ತದೆ. 'ಲಾಗಿನ್ ಲೋಕಲ್' ಹೊಡೆಯುವ ಮೊದಲು ಯೂಸರ್‌ನೇಮ್ ಮಾಡಿದ್ದೀರಿ ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಕೀಲಿಯನ್ನು ಒಳಗೇ ಬಿಟ್ಟಂತೆ. ಲಾಗಿಂಗ್ ಸಿಂಕ್ರೊನಸ್ ಇದ್ದರೆ, ನೀವು ಟೈಪ್ ಮಾಡುತ್ತಿರುವಾಗ ನಡುವೆ ಲಾಗ್ ಸಾಲು ನುಗ್ಗಿದರೂ ನಿಮ್ಮ ಕಮಾಂಡ್ ಮತ್ತೆ ಹೊಸ ಸಾಲಿನಲ್ಲಿ ಪೂರ್ತಿ ಕಾಣುತ್ತದೆ.

ಬೇಡದ ಸೇವೆಗಳನ್ನೂ ಇಲ್ಲೇ ನಿಲ್ಲಿಸಿ: 'ನೋ ಐಪಿ ಎಚ್‌ಟಿಟಿಪಿ ಸರ್ವರ್' ಮತ್ತು 'ನೋ ವಿಸ್ಟ್ಯಾಕ್'. ಎರಡನೆಯದು ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯ, ಟಿಸಿಪಿ 4786ನೇ ಪೋರ್ಟ್‌ನಲ್ಲಿ ಕಾದು ಕೂತಿರುತ್ತದೆ. ಹೊಸ ಸ್ವಿಚ್‌ಗಳು ತಾವಾಗಿಯೇ ಕಾನ್ಫಿಗ್ ಪಡೆಯಲಿ ಎಂದು ಮಾಡಿದ್ದು ಅದು, ಪಾಸ್‌ವರ್ಡ್ ಕೇಳುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಇರಾನ್, ರಷ್ಯಾ ಸೇರಿ ಹಲವು ಕಡೆ ಇದೇ ದಾರಿಯಿಂದ ನುಗ್ಗಿ, ಸ್ವಿಚ್‌ಗಳ ಸ್ಟಾರ್ಟಪ್-ಕಾನ್ಫಿಗ್ ಅನ್ನೇ ಅಳಿಸಿ ಬೇರೆ ಸಂದೇಶ ಬರೆದಿಟ್ಟಿದ್ದರು. ಕೆಲವು ಮಾದರಿಗಳಲ್ಲಿ ಈ ಕಮಾಂಡ್ ಇರುವುದಿಲ್ಲ, ಒಪ್ಪದಿದ್ದರೆ ಬಿಟ್ಟು ಮುಂದೆ ಹೋಗಿ.

ಐಪಿ ವಿಳಾಸ ಮತ್ತು ವಿ-ಲ್ಯಾನ್‌ಗಳು

ಸ್ವಿಚ್‌ಗೆ ಕೊಡುವ ಐಪಿ ನಿಮ್ಮ ಕಂಪ್ಯೂಟರ್‌ಗಳ ಡೇಟಾ ಸಾಗಿಸಲು ಅಲ್ಲ. ನೀವು ಒಳಗೆ ಹೋಗಿ ನೋಡಲು ಮಾತ್ರ. ಅದನ್ನು ಎಲ್ಲರೂ ಇರುವ ವಿ-ಲ್ಯಾನ್ 1ರಲ್ಲಿ ಇಡುವ ಬದಲು ಬೇರೆ ಇಡಿ. ಇಲ್ಲಿ 99 ತೆಗೆದುಕೊಂಡಿದ್ದೇನೆ.

ವಿಲ್ಯಾನ್ 10
ನೇಮ್ ಲ್ಯಾಬ್
ವಿಲ್ಯಾನ್ 20
ನೇಮ್ ಆಫೀಸ್
ವಿಲ್ಯಾನ್ 99
ನೇಮ್ ಮ್ಯಾನೇಜ್‌ಮೆಂಟ್
ಇಂಟರ್‌ಫೇಸ್ ವಿಲ್ಯಾನ್ 99
ಐಪಿ ಅಡ್ರೆಸ್ 192.168.99.2 255.255.255.0
ನೋ ಶಟ್‌ಡೌನ್
ಎಕ್ಸಿಟ್
ಐಪಿ ಡೀಫಾಲ್ಟ್-ಗೇಟ್‌ವೇ 192.168.99.1

ಎಲ್ಲ ಸರಿಯಾಗಿ ಹೊಡೆದರೂ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್'ನಲ್ಲಿ ವಿಲ್ಯಾನ್ 99 ಡೌನ್ ಎಂದೇ ತೋರಿಸುತ್ತಿದ್ದರೆ ಗಾಬರಿ ಬೇಡ. ಆ ವಿ-ಲ್ಯಾನ್‌ಗೆ ಸೇರಿದ ಒಂದಾದರೂ ಪೋರ್ಟ್, ಅಥವಾ ಅದನ್ನು ಸಾಗಿಸುವ ಟ್ರಂಕ್, ಜೀವಂತವಾಗುವವರೆಗೆ ಅದು ಏಳುವುದಿಲ್ಲ. ಮೇಜಿನ ಮೇಲೆ ಪರೀಕ್ಷೆ ಮಾಡಲು ಕೊನೆಯ ಪೋರ್ಟನ್ನು 99ಕ್ಕೆ ಹಾಕಿ, ಅದಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿ. ಗೇಟ್‌ವೇ ಮರೆತರೆ ಅದೇ ನೆಟ್‌ವರ್ಕ್‌ನಿಂದ ಸ್ವಿಚ್ ಸಿಗುತ್ತದೆ, ಬೇರೆ ನೆಟ್‌ವರ್ಕ್‌ನಿಂದ ಸಿಗುವುದಿಲ್ಲ.

ಈಗ ಬಳಕೆದಾರರ ಪೋರ್ಟ್‌ಗಳು:

ಇಂಟರ್‌ಫೇಸ್ ರೇಂಜ್ ಫಾಸ್ಟ್‌ಈಥರ್ನೆಟ್ 0/1 - 12
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 10
ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್
ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್

ನಿಮ್ಮ ಸ್ವಿಚ್ ಗಿಗಾಬಿಟ್ ಮಾದರಿಯಾದರೆ ಗಿಗಾಬಿಟ್‌ಈಥರ್ನೆಟ್ ಎಂದಿರುತ್ತದೆ, 'ಶೋ ಇಂಟರ್‌ಫೇಸಸ್ ಸ್ಟೇಟಸ್' ನೋಡಿ ತಿಳಿದುಕೊಳ್ಳಿ. ಪೋರ್ಟ್‌ಫಾಸ್ಟ್ ಇಲ್ಲದಿದ್ದರೆ, ಕೇಬಲ್ ಹಾಕಿದ ಮೇಲೆ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನು 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ಪೋರ್ಟ್ ತೆರೆಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಕೇಳಿ ಕೇಳಿ ಸುಮ್ನಾಗಿ, 169.254ರಿಂದ ಶುರುವಾಗುವ ವಿಳಾಸ ತಾನೇ ಹಾಕಿಕೊಂಡಿರಬಹುದು. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ನೆಟ್ ಬರಲ್ಲ, ಸ್ವಲ್ಪ ಹೊತ್ತಾದ ಮೇಲೆ ಬರುತ್ತೆ ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಬಿಪಿಡಿಯು ಗಾರ್ಡ್ ಅದರ ಜೊತೆಗೇ ಇರಬೇಕು. ಬಿಪಿಡಿಯು ಅಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್‌ಗಳು ಕಳಿಸುವ ಸಂದೇಶ. ಯಾರಾದರೂ ಟೇಬಲ್ ಕೆಳಗಿನ ಪೋರ್ಟ್‌ಗೆ ಇನ್ನೊಂದು ಸ್ವಿಚ್ ಸಿಕ್ಕಿಸಿದರೆ, ಅಥವಾ ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಗೋಡೆಗೇ ಹಾಕಿದರೆ, ಆ ಪೋರ್ಟನ್ನು ಅದು ಕೂಡಲೇ ಮುಚ್ಚುತ್ತದೆ. ಆಗ ಪೋರ್ಟ್ ಸ್ಥಿತಿ 'ಎರರ್-ಡಿಸೇಬಲ್ಡ್' ಎಂದು ಬರುತ್ತದೆ. ಕಾರಣ ಸರಿಪಡಿಸಿ, ಪೋರ್ಟ್‌ಗೆ 'ಶಟ್‌ಡೌನ್' ಕೊಟ್ಟು ಮತ್ತೆ 'ನೋ ಶಟ್‌ಡೌನ್' ಕೊಡಿ. ಬಳಸದ ಪೋರ್ಟ್‌ಗಳನ್ನು ಶಟ್‌ಡೌನ್ ಮಾಡಿಯೇ ಇಡುವುದು ಒಳ್ಳೆಯದು.

ಬೇರೆ ಸ್ವಿಚ್ ಅಥವಾ ರೂಟರ್ ಕಡೆಗೆ ಹೋಗುವ ಅಪ್‌ಲಿಂಕ್ ಪೋರ್ಟ್‌ಗೆ:

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/1
ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್
ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 10,20,99
ಸ್ವಿಚ್‌ಪೋರ್ಟ್ ನೋನೆಗೋಶಿಯೇಟ್

3560, 3750 ಮಾದರಿಗಳಲ್ಲಿ ಇದಕ್ಕೂ ಮೊದಲು ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ ಎಂದು ಹೇಳಬೇಕು. 2960ರಲ್ಲಿ ಅದೊಂದೇ ಇರುವುದರಿಂದ ಹೇಳಬೇಕಾಗಿಲ್ಲ. ಮುಂದೊಂದು ದಿನ ವಿ-ಲ್ಯಾನ್ 30 ಸೇರಿಸಬೇಕಾದಾಗ ಬಹಳ ಜೋಪಾನ. 'ಅಲೌಡ್ ವಿಲ್ಯಾನ್ 30' ಎಂದು ಹೊಡೆದರೆ ಹಳೇ ಪಟ್ಟಿ ಹೋಗಿ 30 ಒಂದೇ ಉಳಿಯುತ್ತದೆ. ನೀವು 99ರ ಮೂಲಕವೇ ಒಳಗಿದ್ದರೆ ನಿಮ್ಮ ಸಂಪರ್ಕವೂ ಕಡಿಯುತ್ತದೆ. 'ಅಲೌಡ್ ವಿಲ್ಯಾನ್ ಆ್ಯಡ್ 30' ಎಂದೇ ಹೊಡೆಯಬೇಕು.

ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ (ದಾರಿಗಳ ಲೆಕ್ಕಕ್ಕೆ ಕೇಂದ್ರವಾಗುವ ಸ್ವಿಚ್) ಯಾರು ಎಂಬುದನ್ನೂ ನೀವೇ ನಿರ್ಧರಿಸಿ. ಎಲ್ಲ ಸ್ವಿಚ್‌ಗಳೂ 32768 ಎಂಬ ಪ್ರಯಾರಿಟಿಯಲ್ಲೇ ಇದ್ದರೆ, ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವರೇ ರೂಟ್. ಅದು ಮೂಲೆಯಲ್ಲಿರುವ ಅತಿ ಹಳೇ ಸ್ವಿಚ್ಚೇ ಆಗಿಬಿಡಬಹುದು. ನಡುವಿನ ಮುಖ್ಯ ಸ್ವಿಚ್‌ನಲ್ಲಿ 'ಸ್ಪ್ಯಾನಿಂಗ್-ಟ್ರೀ ವಿಲ್ಯಾನ್ 10,20,99 ಪ್ರಯಾರಿಟಿ 24576' ಎಂದು ಕೊಡಿ. ಎಲ್ಲ ಸ್ವಿಚ್‌ಗಳಲ್ಲೂ 'ಸ್ಪ್ಯಾನಿಂಗ್-ಟ್ರೀ ಮೋಡ್ ರ‍್ಯಾಪಿಡ್-ಪಿವಿಎಸ್‌ಟಿ' ಇರಲಿ.

ಸಮಯ

2960ಗೆ ಬ್ಯಾಟರಿ ಗಡಿಯಾರ ಇಲ್ಲ. ಪ್ರತಿ ಸಲ ಕರೆಂಟ್ ಬಂದಾಗ ಅದರ ಕಾಲ 1993ರ ಮಾರ್ಚ್ 1ರಿಂದ ಶುರುವಾಗುತ್ತದೆ. ಹಾಗೇ ಬಿಟ್ಟರೆ ಲಾಗ್ ಓದಿ ಏನೂ ತಿಳಿಯುವುದಿಲ್ಲ. 'ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30', 'ಎನ್‌ಟಿಪಿ ಸರ್ವರ್ 192.168.99.1', 'ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್ ಲೋಕಲ್‌ಟೈಮ್' ಈ ಮೂರು ಸಾಲು ಸಾಕು. ನಿಮ್ಮ ರೂಟರ್ ಸಮಯ ಕೊಡುತ್ತದೆ ಎಂದುಕೊಂಡು ಅದರ ಐಪಿ ಹಾಕಿದ್ದೇನೆ. ಹೆಸರು ಹುಡುಕುವುದನ್ನು ಆಗಲೇ ನಿಲ್ಲಿಸಿದ್ದೇವಲ್ಲ, ಆದ್ದರಿಂದ ಸರ್ವರ್‌ನ ಹೆಸರು ನಡೆಯುವುದಿಲ್ಲ, ಐಪಿಯನ್ನೇ ಕೊಡಬೇಕು.

ಸೇವ್ ಮಾಡಿ, ಕರೆಂಟ್ ಕಿತ್ತು ನೋಡಿ

'ಎಂಡ್' ಹೊಡೆದು ಹೊರಗೆ ಬಂದು:

ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್

ಆಗ ಅದು ಕೇಳುವುದು ಹೌದೋ ಅಲ್ಲವೋ ಅಂತ ಅಲ್ಲ, ಫೈಲ್ ಹೆಸರನ್ನು. ಸುಮ್ನೆ ಎಂಟರ್ ಒತ್ತಿ.

ಈಗ ಬಹಳ ಜನ ಬಿಟ್ಟುಬಿಡುವ ಹಂತ. ಪವರ್ ಕೇಬಲ್ ಕಿತ್ತು, ಮತ್ತೆ ಹಾಕಿ. ಸ್ವಿಚ್ ಪೂರ್ತಿ ಎದ್ದ ಮೇಲೆ ಲ್ಯಾಪ್‌ಟಾಪ್‌ಗೆ 192.168.99.10 ವಿಳಾಸ ಕೊಟ್ಟು ಎಸ್‌ಎಸ್‌ಎಚ್‌ನಿಂದ ಒಳಗೆ ಹೋಗಿ. 'ಶೋ ವಿಲ್ಯಾನ್ ಬ್ರೀಫ್', 'ಶೋ ಐಪಿ ಎಸ್‌ಎಸ್‌ಎಚ್', 'ಶೋ ರನ್ನಿಂಗ್-ಕಾನ್ಫಿಗ್' ನೋಡಿ. ಟ್ರಂಕ್‌ಗೆ ಕೇಬಲ್ ಬಿದ್ದ ಮೇಲೆ 'ಶೋ ಇಂಟರ್‌ಫೇಸಸ್ ಟ್ರಂಕ್' ನೋಡಬಹುದು. ಇದೆಲ್ಲ ಆಗುವವರೆಗೆ ಕನ್ಸೋಲ್ ಕೇಬಲ್ ತೆಗೆಯಬೇಡಿ. ಲಿನಕ್ಸ್ ಅಥವಾ ಹೊಸ ವಿಂಡೋಸ್‌ನ ಎಸ್‌ಎಸ್‌ಎಚ್ ಹಳೇ ಐಒಎಸ್‌ನೊಂದಿಗೆ ಹೊಂದದೆ ಕೀ ಎಕ್ಸ್‌ಚೇಂಜ್ ತಕರಾರು ತೆಗೆದರೆ ಅದು ನಿಮ್ಮ ಕಾನ್ಫಿಗ್‌ನ ತಪ್ಪಲ್ಲ. ಓಪನ್‌ಎಸ್‌ಎಸ್‌ಎಚ್ ಹಳೇ ಶಾ-1 ಆಧಾರಿತ ವಿಧಾನಗಳನ್ನು ಒಂದೊಂದಾಗಿ ಕೈಬಿಟ್ಟಿದೆ. ಸಾಧ್ಯವಾದರೆ ಐಒಎಸ್ ಅಪ್‌ಡೇಟ್ ಮಾಡಿ, ಆಗದಿದ್ದರೆ ಪುಟ್ಟಿಯಿಂದ ಪ್ರಯತ್ನಿಸಿ.

ರ‍್ಯಾಕ್‌ಗೆ ಹೋದ ಮೇಲೆ ದೂರದಿಂದ ಅಪಾಯದ ಬದಲಾವಣೆ ಮಾಡಬೇಕಾದರೆ, ಮೊದಲು ಸೇವ್ ಮಾಡಿ 'ರೀಲೋಡ್ ಇನ್ 10' ಹೊಡೆಯಿರಿ. ಸಂಪರ್ಕ ತಪ್ಪಿಹೋದರೂ 10 ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೇ ಕಾನ್ಫಿಗ್‌ಗೆ ಬರುತ್ತದೆ. ಬದಲಾವಣೆ ಸರಿಯಾಗಿ ಕೂತರೆ 'ರೀಲೋಡ್ ಕ್ಯಾನ್ಸಲ್' ಹೊಡೆದು, ಆಮೇಲೆ ಸೇವ್ ಮಾಡಿ. ರನ್ನಿಂಗ್ ಮತ್ತು ಸ್ಟಾರ್ಟಪ್ ಬೇರೆಬೇರೆ ಇರುವುದರ ದೊಡ್ಡ ಲಾಭ ಇದು.

ಮುಂಭಾಗದ ಮೋಡ್ ಬಟನ್ ಮುಟ್ಟದಂತೆ ಎಲ್ಲರಿಗೂ ಹೇಳಿಡಿ. ಕೆಲವು ಸೆಕೆಂಡ್ ಜಾಸ್ತಿ ಒತ್ತಿ ಹಿಡಿದರೆ ಕಾನ್ಫಿಗ್ ಅಳಿಸಿ ರೀಬೂಟ್ ಆಗಬಹುದು. ಕರೆಂಟ್ ಕೊಡುವಾಗ ಅದನ್ನು ಒತ್ತಿ ಹಿಡಿದವರು ಬೂಟ್ ಲೋಡರ್‌ಗೇ ಹೋಗಿ, ಕಾನ್ಫಿಗ್ ಫೈಲ್‌ನ ಹೆಸರು ಬದಲಿಸಿ, ಪಾಸ್‌ವರ್ಡ್ ಇಲ್ಲದೆ ಒಳಗೆ ಬರಬಹುದು. ಪಾಸ್‌ವರ್ಡ್ ಮರೆತಾಗ ನಮಗೂ ಇದೇ ದಾರಿ. ಹಾಗಾಗಿ ರ‍್ಯಾಕ್‌ಗೆ ಬೀಗ ಇರಲಿ.

ಕೊನೆಗೆ ಬ್ಯಾಕಪ್. ನೆಟ್‌ವರ್ಕ್ ಮೂಲಕ ಫೈಲ್ ಪಡೆದಿಟ್ಟುಕೊಳ್ಳುವ ಟಿಎಫ್‌ಟಿಪಿ ಸರ್ವರ್ ಇದ್ದರೆ 'ಕಾಪಿ ರನ್ನಿಂಗ್-ಕಾನ್ಫಿಗ್ ಟಿಎಫ್‌ಟಿಪಿ:' ಸಾಕು. ಇಲ್ಲದಿದ್ದರೆ 'ಟರ್ಮಿನಲ್ ಲೆಂತ್ 0' ಹೊಡೆದು, 'ಶೋ ರನ್ನಿಂಗ್-ಕಾನ್ಫಿಗ್' ಹೊಡೆದು, ಬಂದದ್ದನ್ನೆಲ್ಲ ನೋಟ್‌ಪ್ಯಾಡ್‌ಗೆ ಅಂಟಿಸಿ, ಸ್ವಿಚ್‌ನ ಹೆಸರು ಮತ್ತು ತಾರೀಖು ಹಾಕಿ ಇಡಿ. ಪಾಸ್‌ವರ್ಡ್ ಹ್ಯಾಶ್‌ಗಳು ಅದರಲ್ಲಿರುವುದರಿಂದ ಎಲ್ಲರಿಗೂ ಸಿಗುವ ಫೋಲ್ಡರ್ ಬೇಡ. ಎಸ್‌ಎಸ್‌ಎಚ್ ಕೀ ಮಾತ್ರ ಈ ಬ್ಯಾಕಪ್‌ನಲ್ಲಿ ಬರುವುದಿಲ್ಲ. ಸ್ವಿಚ್ ಸುಟ್ಟುಹೋಗಿ ಬೇರೆಯದಕ್ಕೆ ಈ ಫೈಲ್ ಅಂಟಿಸಿದರೆ, ಅಲ್ಲಿ 'ಕ್ರಿಪ್ಟೊ ಕೀ ಜನರೇಟ್' ಮತ್ತೆ ಹೊಡೆಯಬೇಕು. ಬಳಸುವ ಇಂಟರ್‌ಫೇಸ್‌ಗಳಿಗೆ 'ನೋ ಶಟ್‌ಡೌನ್' ಕೂಡ ಕೈಯಾರೆ ಕೊಡಬೇಕಾಗಬಹುದು, ಏಕೆಂದರೆ ತೆರೆದಿರುವ ಇಂಟರ್‌ಫೇಸ್‌ಗೆ ಕಾನ್ಫಿಗ್‌ನಲ್ಲಿ ಆ ಸಾಲು ಕಾಣಿಸುವುದಿಲ್ಲ.